ಹಳ್ಳಿಯ ಬ್ಯಾಂಕೂ ಅದರ ನೌಕರನ ಶಿಕ್ಷಣವೂ

ಬ್ಯಾಂಕು ಎಂದೊಡನೆ ಸಾಮಾನ್ಯರ ಕಣ್ಣಿಗೆ ಕಟ್ಟುವುದು ಒಂದು ಕಟ್ಟಡ, ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮುಂದೆ ಕುಳಿತ ಗುಮಾಸ್ತ. ಅರ್ಥಶಾಸ್ತ್ರದ ವಿದ್ಯಾರ್ಥಿಯು ಇದಕ್ಕಿಂತ ಸ್ವಲ್ಪ ಆಳಕ್ಕೆ ಇಳಿಯಬೇಕಾಗುತ್ತದೆ. ಒಬ್ಬನ ಉಳಿತಾಯವನ್ನು ಮತ್ತೊಬ್ಬನ ಉದ್ಯೋಗಕ್ಕೆ ತಲಪಿಸುವ ವ್ಯವಸ್ಥೆಗೆ ಬ್ಯಾಂಕೆಂದು ಹೆಸರು. ಈ ತಲಪಿಸುವ ಕೆಲಸವನ್ನು ಮಾಡುವವನು ಮನುಷ್ಯ. ಆ ಮನುಷ್ಯನಿಗೆ ಯಾವ ಬಗೆಯ ಶಿಕ್ಷಣ ದೊರೆತಿದೆಯೋ ಆ ಮಟ್ಟಿಗೆ ಬ್ಯಾಂಕು ಹಳ್ಳಿಗೆ ಉಪಯುಕ್ತವಾಗುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ನಮ್ಮ ಮೂರು ತಾಲೂಕುಗಳನ್ನು ದೃಷ್ಟಿಯಲ್ಲಿಟ್ಟುಕೊಂಡು, ಗ್ರಾಮೀಣ ಬ್ಯಾಂಕ್ ನೌಕರನ ತರಬೇತಿ ಹೇಗೆ ನಡೆದುಬಂದಿದೆ, ಹೇಗೆ ನಡೆಯಬೇಕು ಎಂಬ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಕಾಲೇಜಿನಿಂದ ಪ್ರತಿವರ್ಷ ಹೊರಬೀಳುವ ಪದವೀಧರರಲ್ಲಿ ಅನೇಕರು ಬ್ಯಾಂಕ್ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಾರೆ. ಪರೀಕ್ಷೆಯ ಗಣಿತವನ್ನೂ ಇಂಗ್ಲಿಷನ್ನೂ ಅವರು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಾರೆ. ಆದರೆ ತಾವು ಹುಟ್ಟಿಬೆಳೆದ ಈ ಕರಾವಳಿಯೇ ಭಾರತದ ಬ್ಯಾಂಕಿಂಗ್ ಇತಿಹಾಸದಲ್ಲಿ ಒಂದು ಪಾಠಶಾಲೆಯಾಗಿತ್ತೆಂಬುದು ಅವರಲ್ಲಿ ಬಹುಮಂದಿಗೆ ತಿಳಿಯದು.

1. ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮೊದಲ ಮೂವತ್ತೊಂದು ವರ್ಷಗಳಲ್ಲಿ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಐದು ದೊಡ್ಡ ಬ್ಯಾಂಕುಗಳು ಜನ್ಮತಾಳಿದವು. 1906ರ ಮಾರ್ಚಿಯಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಐದು ಸಾವಿರ ರೂಪಾಯಿ ಮೂಲಧನದಿಂದ ಆರಂಭಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಶನ್ ಬ್ಯಾಂಕಾಯಿತು. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಅದು 1910ರಲ್ಲಿ ಕೆನರಾ ಬ್ಯಾಂಕೆಂಬ ಹೆಸರನ್ನು ಪಡೆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟು, 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು.

ಇವುಗಳ ಜೊತೆಗೆ ಸಹಕಾರಿ ಚಳವಳಿಯೂ ಬೆಳೆಯಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ನಮ್ಮ ಕುಂದಾಪುರ ತಾಲೂಕಿನ ಮೊಳಹಳ್ಳಿಯ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತ, ಪುತ್ತೂರಿನಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು ಜಿಲ್ಲೆಯಲ್ಲಿ ಈ ಚಳವಳಿಗೆ ತಳಹದಿ ಹಾಕಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಸ್ಥಾಪನೆಗೊಂಡಿತು. ಶಿವರಾಯರನ್ನು ಇಂದಿಗೂ ಜಿಲ್ಲೆಯ ಸಹಕಾರಿ ಪಿತಾಮಹರೆಂದು ಜನ ಸ್ಮರಿಸುತ್ತಾರೆ.

ಇಷ್ಟೆಲ್ಲ ಇದ್ದರೂ ದೇಶದ ಒಟ್ಟು ಚಿತ್ರವು ಸಂತೋಷಕರವಾಗಿರಲಿಲ್ಲ. 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ, ರೈತನು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ. ಸಹಕಾರಿ ಸಂಘಗಳ ಪಾಲು ಮೂರರ ಆಸುಪಾಸು. ಸಾಹುಕಾರರದು ಸುಮಾರು ಎಪ್ಪತ್ತು. ಈ ಅಂಕಿಗಳನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. 1955ರಲ್ಲಿ ಸ್ಟೇಟ್ ಬ್ಯಾಂಕಿನ ಸ್ಥಾಪನೆ, 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ, ಅದೇ ವರ್ಷಾಂತ್ಯದಲ್ಲಿ ಬಂದ ಲೀಡ್ ಬ್ಯಾಂಕ್ ಯೋಜನೆ, 1975ರ ಗ್ರಾಮೀಣ ಬ್ಯಾಂಕುಗಳು, 1982ರ ನಬಾರ್ಡ್—ಇವೆಲ್ಲವೂ ಈ ಒಂದು ಕೊರತೆಯನ್ನು ತುಂಬುವ ಸಲುವಾಗಿ ಕೈಕೊಂಡ ಕ್ರಮಗಳು.

2. ಬ್ರಹ್ಮಾವರದ ಶಾಖೆ ಮತ್ತು ಎರಡಾಣೆಯ ಠೇವಣಿ

ಈಗ ನಮ್ಮ ನೆಲದ ಉದಾಹರಣೆಗೆ ಬರೋಣ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ—ಈ ಮೂವರು ಸೇರಿ 1925ರಲ್ಲಿ ಸಿಂಡಿಕೇಟನ್ನು ಆರಂಭಿಸಿದಾಗ ಅದರ ಮೂಲಧನ ಎಂಟು ಸಾವಿರ ರೂಪಾಯಿ. ಮೂವರಲ್ಲಿ ಒಬ್ಬರು ವ್ಯಾಪಾರಿ, ಒಬ್ಬರು ಇಂಜಿನಿಯರು, ಒಬ್ಬರು ವೈದ್ಯರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಮೊದಲ ಉದ್ದೇಶವಾಗಿತ್ತು. ಬ್ರಹ್ಮಾವರಕ್ಕೆ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದ ಟಿ. ಎಂ. ಎ. ಪೈಗಳಿಗೆ ಈ ಭಾಗದ ಜನರ ಕೈಯಲ್ಲಿ ಹಣ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬ ತಿಳಿವಳಿಕೆ ಪುಸ್ತಕದಿಂದ ಬಂದದ್ದಲ್ಲ.

1928ರಲ್ಲಿ ಎರಡು ಸಂಗತಿಗಳು ನಡೆದವು. ಸಿಂಡಿಕೇಟು ಉಡುಪಿಯ ಹೊರಗೆ ತನ್ನ ಮೊದಲ ಶಾಖೆಯನ್ನು ಬ್ರಹ್ಮಾವರದಲ್ಲಿ ತೆರೆಯಿತು. ಅದೇ ವರ್ಷ ಪಿಗ್ಮಿ ಠೇವಣಿ ಯೋಜನೆಯನ್ನು ಜಾರಿಗೆ ತಂದಿತು. ಈ ಯೋಜನೆಯಂತೆ ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಕಿರುಮೊತ್ತವನ್ನೂ ಸ್ವೀಕರಿಸುತ್ತಿದ್ದನು.

ಇದರ ಲೆಕ್ಕವನ್ನು ಮಾಡಿ ನೋಡುವುದು ಉಚಿತ. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ ಅರುವತ್ತಾಣೆ, ಅಂದರೆ ಮೂರು ರೂಪಾಯಿ ಹನ್ನೆರಡಾಣೆ. ಒಂದು ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ದಿನಗೂಲಿಯವನು ತಿಂಗಳ ಕೊನೆಗೆ ಮೂರು ಮುಕ್ಕಾಲು ರೂಪಾಯಿಯನ್ನು ಒಟ್ಟಿಗೆ ತಂದು ಬ್ಯಾಂಕಿಗೆ ಕಟ್ಟಲಾರನು; ಆದರೆ ಸಂಜೆಯ ಕೂಲಿ ಕೈಗೆ ಬಂದೊಡನೆ ಎರಡಾಣೆಯನ್ನು ಬೇರೆಯಿಡಬಲ್ಲನು. ಬಡವನು ಉಳಿಸುವುದಿಲ್ಲವೆಂಬ ಮಾತು ಸುಳ್ಳು. ಅವನು ಉಳಿಸುವ ಪ್ರಮಾಣಕ್ಕೂ ಹೊತ್ತಿಗೂ ತಕ್ಕ ಬ್ಯಾಂಕು ಇರಲಿಲ್ಲ, ಅಷ್ಟೆ. ಮಲೇರಿಯಾ ಬಂದು ಮಲಗಿದಾಗ, ಮಗಳ ಮದುವೆಯಾದಾಗ, ಮಳೆಗಾಲದಲ್ಲಿ ಕೆಲಸವಿಲ್ಲದಾಗ ಈ ಮೊತ್ತದ ಬೆಲೆ ಎಷ್ಟೆಂಬುದನ್ನು ಹಿರಿಯರಲ್ಲಿ ಕೇಳಿ ತಿಳಿಯಬಹುದು.

ನನ್ನ ವಿಷಯಕ್ಕೆ ಸಂಬಂಧಿಸಿದ ಮುಖ್ಯಾಂಶ ಇಲ್ಲಿದೆ. ಪಿಗ್ಮಿ ಸಂಗ್ರಾಹಕನು ಯಾವ ತರಬೇತಿ ಕಾಲೇಜಿನಲ್ಲೂ ಕಲಿತವನಲ್ಲ. ಆದರೂ ಅವನಿಗೆ ಮೂರು ವಿದ್ಯೆಗಳು ಸಿದ್ಧಿಸಿದ್ದವು. ಮೊದಲನೆಯದು ಊರಿನ ಪರಿಚಯ: ಯಾವ ಅಂಗಡಿಯಲ್ಲಿ ಯಾವ ಹೊತ್ತಿಗೆ ಹಣವಿರುತ್ತದೆ, ಯಾರ ಮನೆಯಲ್ಲಿ ಇಂದು ಕೇಳಬಾರದು ಎಂಬ ವಿವೇಕ. ಎರಡನೆಯದು ಲೆಕ್ಕದ ಶುದ್ಧತೆ: ಹಣ ಪಡೆದ ಕ್ಷಣದಲ್ಲೇ ಕಾರ್ಡಿನಲ್ಲಿ ಬರೆದು ಕೊಡುವ ಪದ್ಧತಿ. ಮೂರನೆಯದು ತಾಳ್ಮೆ: ಎರಡಾಣೆ ಕೊಡುವವಳನ್ನೂ ಇನ್ನೂರು ರೂಪಾಯಿ ಕೊಡುವವನನ್ನೂ ಒಂದೇ ಗೌರವದಿಂದ ಮಾತನಾಡಿಸುವ ಸ್ವಭಾವ. ಸಿಂಡಿಕೇಟು 1946ರಲ್ಲಿ ಒಂದೇ ದಿನ 29 ಗ್ರಾಮೀಣ ಶಾಖೆಗಳನ್ನು ತೆರೆಯಿತು. ಇಂಥ ಜನ ಸಿದ್ಧರಿಲ್ಲದೆ ಬರಿಯ ಬಂಡವಾಳದಿಂದ ಅಂಥ ಸಾಹಸ ಸಾಧ್ಯವಾಗುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ.

ಈ ಸಂಗ್ರಾಹಕರು ಬಹುಕಾಲ ಕಮಿಶನ್ನಿನ ಮೇಲೆಯೇ ದುಡಿದರು. ಅವರು ಕಾರ್ಮಿಕರೆಂಬ ಕಾನೂನಿನ ಅರ್ಥದೊಳಗೆ ಬರುತ್ತಾರೆಂದು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದದ್ದು 2001ರಲ್ಲಿ. ಹಳ್ಳಿಯ ಬ್ಯಾಂಕಿಂಗಿಗೆ ಅಡಿಪಾಯ ಹಾಕಿದವರಿಗೆ ಈ ಮನ್ನಣೆ ಎಪ್ಪತ್ತಮೂರು ವರ್ಷಗಳ ತರುವಾಯ ದೊರೆಯಿತೆಂಬುದು ಯೋಚಿಸತಕ್ಕ ವಿಷಯ.

3. ಇಂದಿನ ತರಬೇತಿ ಸಂಸ್ಥೆಗಳು

ರಾಷ್ಟ್ರೀಕರಣದ ಬಳಿಕ ಶಾಖೆಗಳು ಬಹು ವೇಗದಿಂದ ಹೆಚ್ಚಿದವು. ಪೇಟೆಯಲ್ಲಿ ಹುಂಡಿ-ಚೆಕ್ಕುಗಳ ವ್ಯವಹಾರ ಕಲಿತ ಅಧಿಕಾರಿಗೆ ಹಳ್ಳಿಯಲ್ಲಿ ಗದ್ದೆ, ಹಟ್ಟಿ, ದೋಣಿಗಳ ಮೇಲೆ ಸಾಲ ಕೊಡಬೇಕಾಯಿತು. ಆದುದರಿಂದ ತರಬೇತಿ ಸಂಸ್ಥೆಗಳು ಅನಿವಾರ್ಯವಾದವು. ಪುಣೆಯಲ್ಲಿ ರಿಸರ್ವ್ ಬ್ಯಾಂಕಿನ ಕೃಷಿ ಬ್ಯಾಂಕಿಂಗ್ ಕಾಲೇಜು 1969ರಲ್ಲಿ ಆರಂಭವಾಯಿತು. ನಬಾರ್ಡ್ ಲಖನೌದಲ್ಲಿ 1983ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕರುಗಳ ಸಂಸ್ಥೆಯನ್ನು ತೆರೆಯಿತು. ‘ಬರ್ಡ್’ ಎಂದು ಕರೆಯಲ್ಪಡುವ ಈ ಸಂಸ್ಥೆಯ ಒಂದು ಕೇಂದ್ರ ನಮ್ಮ ಮಂಗಳೂರಿನಲ್ಲೇ ಇದೆ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ನೌಕರರು ಅಲ್ಲಿಗೆ ತರಬೇತಿಗೆ ಬರುತ್ತಾರೆ. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟು ಗ್ರಾಮೀಣಾಭಿವೃದ್ಧಿಯ ವಿಷಯಗಳಲ್ಲಿ ಬ್ಯಾಂಕಿನವರಿಗೆ ತರಬೇತಿ ಕೊಡುತ್ತ ಬಂದಿದೆ.

ಸಾಲ ಕೊಡುವವನಿಗೆ ತರಬೇತಿ ಬೇಕಾದಂತೆ ಸಾಲ ಪಡೆಯುವವನಿಗೂ ಬೇಕು. 1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದರು. ಊಟ ವಸತಿಗಳೊಂದಿಗೆ ಉಚಿತವಾಗಿ ಕಸುಬನ್ನು ಕಲಿಸಿ, ಬ್ಯಾಂಕ್ ಸಾಲದ ದಾರಿ ತೋರಿಸಿ, ಆಮೇಲೆಯೂ ವಿಚಾರಿಸಿಕೊಳ್ಳುವ ಕ್ರಮ ಅದರದು. ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಸಂಸ್ಥೆ ಇರಬೇಕೆಂದು ಕೇಂದ್ರ ಸರಕಾರವು 2009ರಲ್ಲಿ ನಿರ್ಧರಿಸಿತು. ರುಡ್‌ಸೆಟ್‌ನ ಒಂದು ಶಾಖೆ ಬ್ರಹ್ಮಾವರದ ಹೇರೂರಿನಲ್ಲಿದೆ. ಅಂದರೆ 1928ರಲ್ಲಿ ಮೊದಲ ಶಾಖೆಯನ್ನು ಕಂಡ ಊರೇ ಇಂದು ತರಬೇತಿಯ ಕೇಂದ್ರವೂ ಆಗಿದೆ.

2006ರಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ‘ವ್ಯವಹಾರ ಪ್ರತಿನಿಧಿ’ಗಳನ್ನು ನೇಮಿಸಲು ಅನುಮತಿ ಕೊಟ್ಟಿತು. ಊರಿನವರೇ ಆದ ಒಬ್ಬರು ಒಂದು ಕೈಯಂತ್ರವನ್ನಿಟ್ಟುಕೊಂಡು ಖಾತೆ ತೆರೆಯುವುದು, ಹಣ ಕಟ್ಟಿಸಿಕೊಳ್ಳುವುದು, ಹಣ ಕೊಡುವುದು ಇತ್ಯಾದಿ ಕೆಲಸಗಳನ್ನು ಮಾಡುತ್ತಾರೆ. ಸ್ವಸಹಾಯ ಗುಂಪುಗಳ ಮಹಿಳೆಯರನ್ನು ‘ಬಿ. ಸಿ. ಸಖಿ’ಯರನ್ನಾಗಿ ಆರಿಸಿ, ಇಂಥ ತರಬೇತಿ ಸಂಸ್ಥೆಗಳಲ್ಲಿ ಆರು ದಿನಗಳ ಶಿಕ್ಷಣ ಕೊಟ್ಟು, ಭಾರತೀಯ ಬ್ಯಾಂಕಿಂಗ್ ಮತ್ತು ಹಣಕಾಸು ಸಂಸ್ಥೆಯ ಪರೀಕ್ಷೆಗೆ ಕೂರಿಸುವ ಯೋಜನೆಯೂ ಇದೆ. ವಿಚಾರಿಸಿ ನೋಡಿದರೆ ಈ ಸಖಿಯು ಹಳೆಯ ಪಿಗ್ಮಿ ಸಂಗ್ರಾಹಕನ ಉತ್ತರಾಧಿಕಾರಿಣಿ. ಭೇದವಿಷ್ಟೆ: ಅವನು ಬರಿದೆ ಹಣ ಸಂಗ್ರಹಿಸುತ್ತಿದ್ದನು, ಇವಳು ಕೊಡುವುದೂ ಉಂಟು.

4. ಖಾತೆಯಿದ್ದರೆ ಸಾಕೆ?

2014ರ ಆಗಸ್ಟ್ 28ರಂದು ಪ್ರಧಾನ ಮಂತ್ರಿ ಜನಧನ ಯೋಜನೆ ಆರಂಭವಾದಂದಿನಿಂದ ಖಾತೆಯಿಲ್ಲದ ಮನೆಯನ್ನು ಹುಡುಕುವುದು ನಮ್ಮ ಭಾಗದಲ್ಲಿ ಕಷ್ಟ. ಹೀಗಿರುವಾಗ ಬ್ಯಾಂಕಿಂಗ್ ಸೌಲಭ್ಯದ ವಿಸ್ತರಣೆಯೆಂಬ ಮಾತಿಗೆ ಅರ್ಥವುಂಟೇ ಎಂದು ಯಾರಾದರೂ ಕೇಳಬಹುದು.

ಕಳೆದ ವರ್ಷ ದ್ವಿತೀಯ ಬಿ. ಎ. ತರಗತಿಯಲ್ಲಿ ಈ ಪಾಠ ಹೇಳುತ್ತ ನಾನು ಒಂದು ಪ್ರಶ್ನೆ ಹಾಕಿದೆ: “ನಿಮ್ಮ ತಾಯಿಗೆ ಬ್ಯಾಂಕ್ ಖಾತೆ ಇದೆಯೇ?” ಎಲ್ಲರೂ ಕೈಯೆತ್ತಿದರು. “ಯಾರ ತಾಯಿ ಮತ್ತೊಬ್ಬರ ನೆರವಿಲ್ಲದೆ ಹೋಗಿ ಹಣ ತೆಗೆದು ಬರಬಲ್ಲರು?” ಎಂದು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಕೈಗಳು ಇಳಿದವು. ಬೈಂದೂರು ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ತರಗತಿ ಮುಗಿದ ಮೇಲೆ ನನ್ನಲ್ಲಿಗೆ ಬಂದು ತನ್ನ ತಾಯಿಯ ವಿಷಯ ಹೇಳಿದಳು. ಆಕೆ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಸುಲಿಯುವವರು. ಗೇರುಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ವರುಷಗಟ್ಟಲೆ ಈ ಕೆಲಸ ಮಾಡಿದವರ ಬೆರಳಿನ ಗೆರೆಗಳು ಸವೆದುಹೋಗುತ್ತವೆ. ಬೆರಳೊತ್ತಿದರೆ ಯಂತ್ರ ಆಕೆಯನ್ನು ಗುರುತಿಸಲಿಲ್ಲ. ಮೂರು ಸಲ ಅರ್ಧ ದಿನದ ಕೂಲಿ ಬಿಟ್ಟು ಹೋದರೂ ಆಗಲಿಲ್ಲ. “ನಾಳೆ ಬನ್ನಿ” ಎಂದರಂತೆ. ಖಾತೆಯಲ್ಲಿ ಗೃಹಲಕ್ಷ್ಮಿಯ ಹಣ ಬಿದ್ದಿತ್ತು. ಮಗಳ ಪರೀಕ್ಷಾ ಶುಲ್ಕಕ್ಕೆ ಕೊನೆಯ ದಿನ ಬಂದಿತ್ತು. ತಾಯಿ ನೆರೆಮನೆಯವರ ಮೂಲಕ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ ಸಾಲ ತಂದರು.

ವಿದ್ಯಾರ್ಥಿಗಳು ಇದರ ಅರ್ಥಶಾಸ್ತ್ರವನ್ನು ಗಮನಿಸಬೇಕು. ಆಕೆಯ ಸ್ವಂತ ಹಣಕ್ಕೆ ಬ್ಯಾಂಕು ವರ್ಷಕ್ಕೆ ನೂರಕ್ಕೆ ಮೂರನ್ನೂ ಮುಟ್ಟದ ಬಡ್ಡಿ ಕೊಡುತ್ತಿತ್ತು. ಅದೇ ಹೊತ್ತಿನಲ್ಲಿ ಆಕೆ ಹೊರಗೆ ವರ್ಷಕ್ಕೆ ನೂರಕ್ಕೆ ಅರುವತ್ತರ ಬಡ್ಡಿ ತೆರುತ್ತಿದ್ದರು. ಹಣವಿತ್ತು, ಖಾತೆಯಿತ್ತು, ಸರಕಾರದ ಯೋಜನೆಯೂ ಇತ್ತು. ಬೆರಳು ಹಿಡಿಯದಿದ್ದರೆ ಕಣ್ಣಿನ ಪಾಪೆಯಿಂದಲೋ ಮುಖದ ಗುರುತಿನಿಂದಲೋ ದೃಢೀಕರಿಸಲು ಆಧಾರ್ ವ್ಯವಸ್ಥೆಯಲ್ಲಿ ಅವಕಾಶವಿದೆ. ಶಾಖೆಯಲ್ಲಾದರೆ ಪಾಸ್‌ಪುಸ್ತಕ ಮತ್ತು ಹಣ ತೆಗೆಯುವ ಚೀಟಿಯಿಂದಲೂ ಕೆಲಸ ಆಗಬಹುದಿತ್ತು. ಇದನ್ನು ಬಲ್ಲ, ಬಲ್ಲುದನ್ನು ಎರಡು ನಿಮಿಷ ನಿಂತು ಹೇಳುವ ಒಬ್ಬ ನೌಕರನ ಅಭಾವವೊಂದೇ ಅಲ್ಲಿದ್ದದ್ದು. ತರಬೇತಿಯ ಪ್ರಶ್ನೆ ಇಂಥಲ್ಲಿ ಹುಟ್ಟುತ್ತದೆ.

5. ಏನನ್ನು ಕಲಿಸಬೇಕು?

ನಮ್ಮ ಮೂರು ತಾಲೂಕುಗಳಲ್ಲಿ ಕೆಲಸ ಮಾಡುವ ಬ್ಯಾಂಕ್ ನೌಕರನಿಗೆ, ಕಾನೂನು ಮತ್ತು ಲೆಕ್ಕಪತ್ರಗಳ ಜೊತೆಗೆ, ಈ ಕೆಳಗಿನ ನಾಲ್ಕು ವಿಷಯಗಳ ಶಿಕ್ಷಣ ಅವಶ್ಯವೆಂದು ನಾನು ತಿಳಿಯುತ್ತೇನೆ.

(ಅ) ಜನರ ಮಾತು: ಕನ್ನಡ ಬಲ್ಲವನೆಂದ ಮಾತ್ರಕ್ಕೆ ಕುಂದಾಪುರದ ಕನ್ನಡ ತಿಳಿಯುತ್ತದೆಂದು ಹೇಳಲಾಗದು. ನಮ್ಮಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದರ್ಥ. ಒಬ್ಬ ಅಜ್ಜಿ ಪಾಸ್‌ಪುಸ್ತಕ ಹಿಡಿದು “ದುಡ್ಡ್ ಇತ್ತಾ ಕಾಣಿ” ಎಂದರೆ, ಘಟ್ಟದ ಮೇಲಿನಿಂದ ಬಂದ ಗುಮಾಸ್ತನಿಗೆ ಅದು ಹಿಂದೆ ಹಣವಿತ್ತೇ ಎಂಬ ಪ್ರಶ್ನೆಯಂತೆ ಕೇಳುತ್ತದೆ. ಬ್ರಹ್ಮಾವರದಿಂದ ತೆಂಕಣಕ್ಕೆ ತುಳು ಹೆಚ್ಚು. ಗಂಗೊಳ್ಳಿಯ ಖಾರ್ವಿಗಳ ಮನೆಮಾತು ಕೊಂಕಣಿ. ಇವೆಲ್ಲವನ್ನೂ ಮಾತನಾಡಬಲ್ಲವನೇ ಬೇಕೆಂದು ಹಟ ಹಿಡಿಯಲಾಗದು. ಆದರೆ ಕೇಳಿದ್ದನ್ನು ತಿಳಿದುಕೊಳ್ಳುವಷ್ಟು ಅಭ್ಯಾಸವನ್ನು ಮೊದಲ ಆರು ತಿಂಗಳಲ್ಲಿ ಮಾಡಿಸಬಹುದು. ಗ್ರಾಮೀಣ ಬ್ಯಾಂಕುಗಳ ನೇಮಕ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿತು. ಇದು ನಮ್ಮ ವಿದ್ಯಾರ್ಥಿಗಳಿಗೆ ಅನುಕೂಲವಾದ ನಿರ್ಧಾರ.

(ಆ) ದುಡಿಮೆಯ ಪಂಚಾಂಗ: ಸಾಲದ ಕಂತು ತಿಂಗಳು ತಿಂಗಳಿಗೂ ಬರುತ್ತದೆ, ಜನರ ಆದಾಯ ಹಾಗೆ ಬರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಗಂಗೊಳ್ಳಿಯ ಬೋಟಿನವನಿಗೂ, ಅವನ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರುವವಳಿಗೂ ಆ ಎರಡು ತಿಂಗಳು ಕೈಬರಿದು. ಮಳೆಗಾಲದ ಭತ್ತದ ಕೊಯ್ಲು ಅಕ್ಟೋಬರ್-ನವೆಂಬರಿನಲ್ಲಿ. ಅದಾದ ಮೇಲೆ ಕೆಲವು ಗದ್ದೆಗಳಲ್ಲಿ ಉದ್ದು, ಕೆಲವೆಡೆ ನೆಲಗಡಲೆ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಯಕ್ಷಗಾನ ಕಲಾವಿದನಿಗೆ ತಿರುಗಾಟದ ತಿಂಗಳುಗಳಲ್ಲಿ ಸಂಬಳ, ಮಳೆಗಾಲದಲ್ಲಿ ವಿರಾಮ. ಮಲ್ಲಿಗೆ ಕಟ್ಟುವ ಮನೆಯಲ್ಲಿ ಆದಾಯ ದಿನದಿನಕ್ಕೆ ಬರುತ್ತದೆ, ಬೆಲೆಯೂ ದಿನದಿನಕ್ಕೆ ಬದಲಾಗುತ್ತದೆ. ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗೆ ಹಣ ತಿಂಗಳಿಗೊಮ್ಮೆ ಬರುತ್ತದೆ. ಇವರೆಲ್ಲರಿಗೂ ಒಂದೇ ಬಗೆಯ ಕಂತನ್ನು ನಿಗದಿಪಡಿಸಿ, ಜುಲೈಯಲ್ಲಿ ಕಟ್ಟಲಿಲ್ಲವೆಂದು ಮೀನುಗಾರ್ತಿಯನ್ನು ಸುಸ್ತಿದಾರಳೆಂದು ಬರೆದರೆ, ಆ ತಪ್ಪು ಕಂತನ್ನು ಗೊತ್ತುಮಾಡಿದವನದು. ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವು 1998ರಲ್ಲಿ ರೈತರಿಗೆ ಆರಂಭವಾಗಿ, 2018-19ರಲ್ಲಿ ಮೀನುಗಾರರಿಗೂ ಹೈನುಗಾರರಿಗೂ ವಿಸ್ತರಿಸಲ್ಪಟ್ಟಿತು. ಇದನ್ನು ಅರ್ಹರಿಗೆ ತಲಪಿಸಬೇಕಾದರೆ ಶಾಖೆಯ ಅಧಿಕಾರಿ ಒಮ್ಮೆಯಾದರೂ ಬೆಳಗ್ಗಿನ ಜಾವ ಬಂದರಿನಲ್ಲಿ ನಿಂತು ನೋಡಿರಬೇಕು.

(ಇ) ಭೂಮಿಯ ದಾಖಲೆಗಳ ಚರಿತ್ರೆ: ನಮ್ಮ ಜಿಲ್ಲೆಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಒಕ್ಕಲುತನದ ಪದ್ಧತಿಗಳು ಬಹುಕಾಲ ನಡೆದಿದ್ದವು. ಉಳುವವನ ಹೆಸರಿನಲ್ಲಿ ಭೂಮಿಯಿಲ್ಲದಾಗ ಬ್ಯಾಂಕು ಯಾವ ಆಧಾರದ ಮೇಲೆ ಸಾಲ ಕೊಟ್ಟೀತು? 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ಪಹಣಿ ಪತ್ರದಲ್ಲಿ ಹೆಸರು ಬಂದಿತು. ಅವರಿಗೆ ಬ್ಯಾಂಕಿನ ಬಾಗಿಲು ನಿಜವಾಗಿ ತೆರೆದದ್ದು ಆಗ. ಆದರೆ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ, ಪಾಲಾಗದ ಕುಟುಂಬದ ಆಸ್ತಿ, ಗಂಡನ ಹೆಸರಿನ ಜಾಗದಲ್ಲಿ ದುಡಿಯುವ ಹೆಂಡತಿ—ಇಂಥ ತೊಡಕುಗಳು ಇಂದಿಗೂ ಇವೆ. ಜಾಗವಿಲ್ಲದ ಹೆಂಗಸಿಗೆ ಸ್ವಸಹಾಯ ಗುಂಪೇ ಜಾಮೀನು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯು 1980ರ ದಶಕದಲ್ಲಿ ನಡೆಸಿದ ಪ್ರಯೋಗದ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆಯನ್ನು ಆರಂಭಿಸಿತು. ಗುಂಪಿನ ಪುಸ್ತಕವನ್ನು ಓದಿ ಅದರ ಆರೋಗ್ಯವನ್ನು ಅಳೆಯುವುದು ಕಲಿಯಬೇಕಾದ ಒಂದು ವಿದ್ಯೆ.

(ಈ) ಬಡ್ಡಿಯ ಲೆಕ್ಕವನ್ನು ತಿಳಿಯಹೇಳುವ ಕಲೆ: ಒಂದು ಉದಾಹರಣೆ ಕೊಡುತ್ತೇನೆ. ಒಬ್ಬಳು 12,000 ರೂಪಾಯಿ ಸಾಲ ಪಡೆದು ಹನ್ನೆರಡು ತಿಂಗಳ ಕಂತುಗಳಲ್ಲಿ ತೀರಿಸುತ್ತಾಳೆ. ಸಾಲ ಕೊಟ್ಟವನು ನೂರಕ್ಕೆ ಹನ್ನೆರಡು ಬಡ್ಡಿಯೆನ್ನುತ್ತಾನೆ. ಇಡೀ ಮೊತ್ತದ ಮೇಲೆ ಇಡೀ ವರ್ಷಕ್ಕೆ ಲೆಕ್ಕಹಾಕಿದರೆ ಬಡ್ಡಿ 1,440 ರೂಪಾಯಿ. ತಿಂಗಳ ಕಂತು 1,120. ಆದರೆ ಆರು ತಿಂಗಳಾಗುವಾಗ ಅವಳು ಅಸಲಿನ ಅರ್ಧವನ್ನು ಹಿಂತಿರುಗಿಸಿ ಆಗಿದೆ. ಇಲ್ಲದ ಹಣಕ್ಕೂ ಬಡ್ಡಿ ಕೊಡುತ್ತಿದ್ದಾಳೆ. ಉಳಿದ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕಿದರೆ ಅದೇ ಹನ್ನೆರಡರ ದರಕ್ಕೆ ಬಡ್ಡಿ ಸುಮಾರು 794 ರೂಪಾಯಿ ಆಗುತ್ತದೆ. ಮೊದಲನೆಯ ಲೆಕ್ಕದ ನಿಜವಾದ ದರ ನೂರಕ್ಕೆ 21ಕ್ಕೂ ಮಿಕ್ಕಿದ್ದು. ಈ ವ್ಯತ್ಯಾಸವನ್ನು ನಮ್ಮ ಪದವಿ ವಿದ್ಯಾರ್ಥಿಗಳೇ ಎಲ್ಲರೂ ಬಲ್ಲರೆಂದು ಹೇಳಲಾರೆ. ಕಿರುಸಾಲಗಳ ವಿವರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕೆಂದೂ, ಮನೆಯ ಮಾಸಿಕ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದೆಂದೂ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರಕಾರವು 2025ರಲ್ಲಿ ಸುಗ್ರೀವಾಜ್ಞೆಯನ್ನು ತಂದಿತು. ನಿಯಮಗಳು ಒಳ್ಳೆಯವು, ಅವನ್ನು ಹಳ್ಳಿಯ ಜಗಲಿಯಲ್ಲಿ ಕುಳಿತು ವಿವರಿಸುವವರು ಬೇಕು.

ಠೇವಣಿಯ ವಿಷಯದಲ್ಲೂ ಇದೇ ಮಾತು. 2020ರ ಫೆಬ್ರವರಿಯಿಂದ ಬ್ಯಾಂಕ್ ಠೇವಣಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆಯಿದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಆದರೆ ಪತ್ತಿನ ಸಹಕಾರ ಸಂಘಗಳಲ್ಲಿಟ್ಟ ಹಣಕ್ಕೆ ಅನ್ವಯಿಸುವುದಿಲ್ಲ. ನಮ್ಮ ಊರುಗಳಲ್ಲಿ ಇಂದು ಪಿಗ್ಮಿ ಸಂಗ್ರಹಿಸುವವರಲ್ಲಿ ಇಂಥ ಸಂಘಗಳ ಪ್ರತಿನಿಧಿಗಳೂ ಇದ್ದಾರೆ. ಇವುಗಳಲ್ಲಿ ಬಹಳಷ್ಟು ಸಂಘಗಳು ಪ್ರಾಮಾಣಿಕವಾಗಿಯೇ ನಡೆಯುತ್ತಿವೆ. ಆದರೂ ಎರಡಕ್ಕೂ ಇರುವ ಭೇದವನ್ನು ಠೇವಣಿದಾರನು ಹಣ ಕೊಡುವ ಮೊದಲೇ ತಿಳಿದಿರುವುದು ನ್ಯಾಯ.

6. ವಿಲೀನಗಳ ತರುವಾಯ

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ನಮ್ಮ ಭಾಗದಲ್ಲಿ ಕೆಲಸ ಮಾಡುತ್ತಿದ್ದ ನೇತ್ರಾವತಿ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತ್ತು. ಅದೂ 2025ರ ಮೇ 1ರಿಂದ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಅಂಗವಾಯಿತು.

ಊರಿನ ಹೆಸರುಗಳು ಫಲಕದಿಂದ ಅಳಿದುದಕ್ಕೆ ಅನೇಕರು ವ್ಯಥೆಪಟ್ಟರು. ಆ ಭಾವನೆ ಸಹಜವಾದದ್ದು. ದೊಡ್ಡ ಬ್ಯಾಂಕಿಗೆ ದೊಡ್ಡ ಬಂಡವಾಳ, ಉತ್ತಮ ಯಂತ್ರೋಪಕರಣ, ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಇರುತ್ತವೆಂಬುದನ್ನೂ ಒಪ್ಪಬೇಕು. ನನ್ನ ಚಿಂತೆ ಬೇರೆಯದು. ಬ್ಯಾಂಕು ಚಿಕ್ಕದಾಗಿದ್ದಾಗ ನೌಕರನು ಪಕ್ಕದ ಊರಿನವನಾಗಿರುತ್ತಿದ್ದನು. ಊರಿನ ಪರಿಚಯವು ತರಬೇತಿಯಿಲ್ಲದೆಯೇ ಅವನಿಗೆ ಬಂದಿರುತ್ತಿತ್ತು. ಇಂದು ಅಖಿಲ ಭಾರತ ಮಟ್ಟದಲ್ಲಿ ಆಯ್ಕೆಯಾದ ಅಧಿಕಾರಿ ಬಿಹಾರದಿಂದಲೋ ಆಂಧ್ರದಿಂದಲೋ ಬಂದು, ಎರಡು ಮೂರು ವರ್ಷವಿದ್ದು ವರ್ಗವಾಗಿ ಹೋಗುತ್ತಾನೆ. ಅವನು ಬುದ್ಧಿವಂತನೂ ಶ್ರಮಜೀವಿಯೂ ಆಗಿರಬಹುದು. ತನ್ನ ಊರನ್ನು ಬಿಟ್ಟು ಬಂದ ಅವನ ಕಷ್ಟವೂ ಸಣ್ಣದಲ್ಲ. ಆದರೆ ಮೊದಲು ತಾನಾಗಿ ದೊರೆಯುತ್ತಿದ್ದ ಪರಿಚಯವನ್ನು ಇನ್ನು ಮುಂದೆ ಪ್ರಯತ್ನಪೂರ್ವಕವಾಗಿ ಕಲಿಸಬೇಕಾಗಿದೆ. ಮೊದಲು ಊರು ಕಲಿಸುತ್ತಿದ್ದುದನ್ನು ಈಗ ತರಬೇತಿ ಸಂಸ್ಥೆ ಕಲಿಸಬೇಕು.

ಇದಕ್ಕಾಗಿ ಒಂದೆರಡು ಸಲಹೆಗಳನ್ನು ವಿನಯದಿಂದ ಮುಂದಿಡುತ್ತೇನೆ. ಹೊಸದಾಗಿ ಬಂದ ಅಧಿಕಾರಿಯು ಒಂದು ವಾರವನ್ನು ಶಾಖೆಯ ಹೊರಗೆ ಕಳೆಯಲಿ: ಒಂದು ದಿನ ಬಂದರಿನಲ್ಲಿ, ಒಂದು ದಿನ ಗೇರುಬೀಜದ ಕಾರ್ಖಾನೆಯಲ್ಲಿ, ಒಂದು ದಿನ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಒಂದು ದಿನ ಕೊಲ್ಲೂರು-ಜಡ್ಕಲ್ ಕಡೆಯ ತೋಟಗಳಲ್ಲಿ, ಒಂದು ದಿನ ಸ್ವಸಹಾಯ ಗುಂಪಿನ ಸಭೆಯಲ್ಲಿ. ಊರಿನ ವ್ಯವಹಾರ ಪ್ರತಿನಿಧಿಯನ್ನೂ ಸಖಿಯನ್ನೂ ಇವನಿಗೆ ಗುರುಗಳಾಗಿ ನೇಮಿಸಲಿ. ಅವರ ಕಮಿಶನ್ ಬದುಕಲು ಸಾಲುವಷ್ಟಿರಲಿ. ನಮ್ಮ ಸರಕಾರಿ ಕಾಲೇಜುಗಳ ಅರ್ಥಶಾಸ್ತ್ರ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಪಂಚಾಯತಿನಲ್ಲಿ ಕುಳಿತು ಪಾಸ್‌ಪುಸ್ತಕ ಓದಿ ಹೇಳುವ, ಅರ್ಜಿ ತುಂಬಿಸುವ ಕೆಲಸವನ್ನು ರಾಷ್ಟ್ರೀಯ ಸೇವಾ ಯೋಜನೆಯ ಅಂಗವಾಗಿ ಮಾಡಬಹುದು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದು ನಿಯಮ ಮಾತ್ರ ಕಟ್ಟುನಿಟ್ಟಾಗಿರಬೇಕು: ಯಾರ ಗುಪ್ತಸಂಖ್ಯೆಯನ್ನೂ ಕೇಳಕೂಡದು, ಯಾರ ಹಣವನ್ನೂ ಕೈಯಿಂದ ಮುಟ್ಟಕೂಡದು.

7. ವಿದ್ಯಾರ್ಥಿಗಳಲ್ಲಿ ಒಂದು ಮಾತು

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಬ್ಯಾಂಕಿನ ಕೌಂಟರಿನ ಆಚೆ ಕುಳಿತುಕೊಳ್ಳುವಿರಿ. ಬಹುಶಃ ನಿಮ್ಮನ್ನು ಉತ್ತರ ಪ್ರದೇಶದ ಯಾವುದೋ ಹಳ್ಳಿಗೆ ಕಳುಹಿಸಿಯಾರು. ಆಗ ನೀವೇ ಅಲ್ಲಿ ಭಾಷೆ ತಿಳಿಯದ ಹೊಸಬರಾಗುವಿರಿ. ದೇಶದ ಮೊದಲ ಗ್ರಾಮೀಣ ಬ್ಯಾಂಕಾದ ‘ಪ್ರಥಮಾ’ ಬ್ಯಾಂಕನ್ನು 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭಿಸುವ ಹೊಣೆ ಹೊತ್ತದ್ದು ನಮ್ಮ ಸಿಂಡಿಕೇಟ್ ಬ್ಯಾಂಕು. ಆ ಕಾಲದಲ್ಲಿ ಈ ಕರಾವಳಿಯಿಂದ ಹೊರಟವರಿಗೆ ಅಲ್ಲಿಯ ಗೋಧಿಯ ಗದ್ದೆಯೂ ಹೊಸತು, ಮಾತೂ ಹೊಸತು. ಎರಡಾಣೆಯನ್ನು ಗೌರವದಿಂದ ಎಣಿಸುವ ಅಭ್ಯಾಸವಿದ್ದವನಿಗೆ ಯಾವ ಊರೂ ಬಹುಕಾಲ ಹೊಸತಾಗಿ ಉಳಿಯುವುದಿಲ್ಲ.

ನಿಮ್ಮ ಪರೀಕ್ಷೆಗಳಲ್ಲಿ ‘ಹಣಕಾಸಿನ ಒಳಗೊಳ್ಳುವಿಕೆ’ ಎಂಬ ಪದದ ವ್ಯಾಖ್ಯೆಯನ್ನು ಕೇಳುತ್ತಾರೆ. ಅದನ್ನು ತಪ್ಪಿಲ್ಲದೆ ಬರೆಯಿರಿ. ಉದ್ಯೋಗಕ್ಕೆ ಸೇರಿದ ಮೇಲೆ, ಸಂಜೆ ಲೆಕ್ಕ ಮುಗಿಸುವಾಗ, ಇಂದು ಎಷ್ಟು ಮಂದಿಗೆ “ನಾಳೆ ಬನ್ನಿ” ಎಂದು ಹೇಳಿದೆನೆಂಬುದನ್ನೂ ಒಮ್ಮೆ ಎಣಿಸಿರಿ. ಆ ಸಂಖ್ಯೆ ಯಾವ ವರದಿಯಲ್ಲೂ ಬರುವುದಿಲ್ಲ. ಆದರೆ ಹಳ್ಳಿಯ ಬ್ಯಾಂಕು ತನ್ನ ಕೆಲಸವನ್ನು ಮಾಡಿತೋ ಇಲ್ಲವೋ ಎಂಬುದು ಅದರಿಂದ ತಿಳಿಯುತ್ತದೆ.